ಮನೋರಾಜ್ಯವೂ ಕಥಾಲೇಖನವೂ

ಕಥೆ ಬರೆಯುವ ಹವ್ಯಾಸವುಳ್ಳ ನಮ್ಮ ವಿದ್ಯಾರ್ಥಿನಿಯರಲ್ಲಿ ಕೆಲವರು ತಮ್ಮ ಮೇಲೆ ತಾವೇ ಹೊರಿಸಿಕೊಳ್ಳುವ ಅಪವಾದವೊಂದುಂಟು. "ವಾರವೆಲ್ಲ ಆ ಕಥೆಯ ಹುಡುಗಿಯನ್ನೇ ನೆನೆಯುತ್ತ ಕಳೆದೆವು, ಒಂದು ಸಾಲನ್ನಾದರೂ ಬರೆಯಲಿಲ್ಲ, ಹೊತ್ತು ಹಾಳಾಯಿತು" ಎಂಬುದೇ ಅದು. ಕಿಟಕಿಯ ಹೊರಗೆ ನೋಡುತ್ತ ಕುಳಿತವಳನ್ನು ಸೋಮಾರಿಯೆನ್ನುವುದು ಹಿರಿಯರಿಗೂ ಸುಲಭ. ಮನೋರಾಜ್ಯವೆಂಬ ಶಬ್ದಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಒಳ್ಳೆಯ ಹೆಸರಿಲ್ಲವಷ್ಟೆ. ಆದರೂ ಕಥೆಯ ಪಾತ್ರಗಳನ್ನು ಕುರಿತ ಮನೋರಾಜ್ಯವನ್ನು ಬರವಣಿಗೆಯ ಲೆಕ್ಕಕ್ಕೇ ಸೇರಿಸಬೇಕೆಂದು ನಮ್ಮ ಅಭಿಪ್ರಾಯ. (ಗಣಿತದ ಪಾಠ ನಡೆಯುತ್ತಿರುವಾಗ ಅದಕ್ಕೆ ಅಪ್ಪಣೆಯುಂಟೆಂದು ಯಾರೂ ಭಾವಿಸಬಾರದು.)

ನಮ್ಮ ಸೀಮೆಯ ಉದಾಹರಣೆಯನ್ನೇ ಮೊದಲು ನೋಡೋಣ. ಮೂಡುಬಿದಿರೆಗೆ ಅಷ್ಟೇನೂ ದೂರವಲ್ಲದ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಬಡ ಉಪಾಧ್ಯಾಯರು. ಮೂವತ್ತೊಂದನೆಯ ವಯಸ್ಸಿನಲ್ಲಿ, 1901ರಲ್ಲಿ, ಕ್ಷಯರೋಗದಿಂದ ತೀರಿಕೊಂಡರು. ಅವರಿಗೆ ಯಾವ ಅರಸನ ಆಶ್ರಯವೂ ಇರಲಿಲ್ಲ. ಆದರೆ 'ರಾಮಾಶ್ವಮೇಧ'ದಲ್ಲಿ ಅವರು ತಮ್ಮನ್ನೇ ಮುದ್ದಣನೆಂಬ ಆಸ್ಥಾನ ಕವಿಯನ್ನಾಗಿ ಕಲ್ಪಿಸಿ, ಕಥೆ ಕೇಳಲು ಮನೋರಮೆಯೆಂಬ ಮಡದಿಯನ್ನು ಎದುರಿಗೆ ಕುಳ್ಳಿರಿಸಿದರು. ಈ ಮನೋರಮೆಯಾದರೋ ಸುಮ್ಮನೆ ತಲೆದೂಗುವವಳಲ್ಲ. ಪದ್ಯ ಬೇಡ, ಗದ್ಯದಲ್ಲಿ ಹೇಳೆನ್ನುವಳು. ಸಂಸ್ಕೃತ ಹೆಚ್ಚಾದರೆ ಆಕ್ಷೇಪಿಸುವಳು. ನಡುವೆ ಬಾಯಿ ಹಾಕುವಳು. ಕವಿಯನ್ನೇ ಪೇಚಿಗೆ ಸಿಕ್ಕಿಸುವ ಇಂಥ ಪಾತ್ರವು ಲೇಖನಿಯನ್ನು ಮಸಿಯಲ್ಲಿ ಅದ್ದಿದ ಕ್ಷಣದಲ್ಲಿ ಹುಟ್ಟಿತೆಂದು ನಾವು ನಂಬಲಾರೆವು. ಬಹುದಿನ ಮನಸ್ಸಿನಲ್ಲಿ ಜತೆಗಿದ್ದವಳಿಗೆ ಮಾತ್ರ ಅಷ್ಟು ಸಲಿಗೆ ಬರುವುದು.

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಹಾವರ್ಥ್ ಎಂಬ ಊರಿನ ಪಾದ್ರಿಯ ಮಕ್ಕಳ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1826ರಲ್ಲಿ ತಂದೆ ಬ್ರಾಂಟೆಯವರು ಮಗ ಬ್ರಾನ್‌ವೆಲ್‌ನಿಗೆ ಮರದ ಸಿಪಾಯಿಗಳ ಆಟಿಕೆಯನ್ನು ತಂದುಕೊಟ್ಟರು. ಶಾರ್ಲಟ್, ಎಮಿಲಿ, ಆನ್ ಎಂಬ ಅಕ್ಕತಂಗಿಯರೂ ಸೇರಿ ಆ ಸಿಪಾಯಿಗಳಿಗೆ ಹೆಸರಿಟ್ಟರು. ದೇಶ, ಯುದ್ಧ, ಪತ್ರಿಕೆಗಳನ್ನು ಕೊಟ್ಟರು. ಅಂಗೈಗಿಂತ ಚಿಕ್ಕ ಪುಸ್ತಕಗಳನ್ನು ಹೊಲಿದು ಅವರ ಕಥೆಗಳನ್ನು ಬರೆದರು. ಮುಂದೆ ಶಾರ್ಲಟ್ ಮತ್ತು ಬ್ರಾನ್‌ವೆಲ್‌ರದು ಆಂಗ್ರಿಯಾ, ಎಮಿಲಿ ಮತ್ತು ಆನ್‌ರದು ಗೊಂಡಾಲ್ ಎಂದು ರಾಜ್ಯಗಳೇ ಬೇರೆಯಾದುವು. 1835ರಲ್ಲಿ ಶಾರ್ಲಟ್ ರೋ ಹೆಡ್ ಎಂಬಲ್ಲಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿಯಾದಳು. ವ್ಯಾಕರಣ ಒಪ್ಪಿಸುವ ಹುಡುಗಿಯರ ನಡುವೆ ಕುಳಿತಾಗ ಆಂಗ್ರಿಯಾದ ಜನರು ಕಣ್ಣೆದುರು ಬರುತ್ತಿದ್ದುದನ್ನೂ, ಒಬ್ಬಳು ಬಂದು ಏನಾದರೂ ಕೇಳಿದೊಡನೆ ಅವರು ಮಾಯವಾಗುತ್ತಿದ್ದುದನ್ನೂ ಆಕೆ ಬರೆದಿಟ್ಟಿದ್ದಾಳೆ. ನಾವೂ ಉಪಾಧ್ಯಾಯಿನಿಯರಾದುದರಿಂದ ಆ ಹುಡುಗಿಯರ ಮೇಲೂ ನಮಗೆ ಕನಿಕರವೇ.

ಆಕೆ ತನ್ನ ಪದ್ಯಗಳನ್ನು ಆಸ್ಥಾನ ಕವಿಯಾಗಿದ್ದ ರಾಬರ್ಟ್ ಸೌದಿಯವರಿಗೆ ಕಳುಹಿಸಿದಳು. 1837ರಲ್ಲಿ ಅವರಿಂದ ಉತ್ತರ ಬಂದಿತು: ಸಾಹಿತ್ಯವು ಸ್ತ್ರೀಯ ಜೀವನದ ವೃತ್ತಿಯಾಗಲಾರದು, ಇಂಥ ಹಗಲುಗನಸುಗಳಿಂದ ಮನಸ್ಸು ಕೆಡುವುದು ಎಂಬುದು ಅದರ ತಾತ್ಪರ್ಯ. ಆಕೆ ವಿನಯದಿಂದ ವಂದನೆ ಬರೆದಳು. ಕನಸನ್ನು ಮಾತ್ರ ಬಿಡಲಿಲ್ಲ. 1839ರ ಸುಮಾರಿಗೆ ತಾನಾಗಿಯೇ ಆಂಗ್ರಿಯಾಕ್ಕೆ ವಿದಾಯ ಬರೆದಳು; ಅಲ್ಲಿನ ಪ್ರಖರವಾದ ಬಿಸಿಲು ಆಕೆಗೆ ಸಾಕಾಗಿತ್ತು. 1847ರಲ್ಲಿ 'ಜೇನ್ ಐರ್' ಹೊರಬಂದಿತು. ಅದರ ನಾಯಿಕೆ ರೂಪವತಿಯಲ್ಲ, ಕುಳ್ಳಿ, ಮನೆಪಾಠ ಹೇಳುವ ಅನಾಥೆ. ಮರದ ಸಿಪಾಯಿಗೂ ಈಕೆಗೂ ನಡುವೆ ಇಪ್ಪತ್ತೊಂದು ವರ್ಷಗಳು. ಅವುಗಳಲ್ಲಿ ಎಷ್ಟನ್ನು ಹಾಳು ಹೊತ್ತೆಂದು ಕಳೆಯೋಣ?

ಎಲ್ಲ ಹಗಲುಗನಸೂ ಒಂದೇ ಜಾತಿಯದೆಂದು ಮಾತ್ರ ತಿಳಿಯಬಾರದು. ಒಂದರಲ್ಲಿ ನಾವೇ ನಾಯಿಕೆಯರು. ಸಭೆಯೆಲ್ಲ ನಮ್ಮನ್ನೇ ಹೊಗಳುವುದು. ನಿನ್ನೆ ಮುಗಿದ ಹಾಗೆಯೇ ಇಂದೂ ಮುಗಿಯುವುದು. ಅದು ಸಕ್ಕರೆಯ ಮಿಠಾಯಿ. ತಿಂದರೆ ತಪ್ಪಿಲ್ಲ, ಊಟವೂ ಅಲ್ಲ. ಇನ್ನೊಂದರಲ್ಲಿ ಬೇರೊಬ್ಬಳು ಬಂದು ಕುಳಿತುಕೊಳ್ಳುವಳು. ಬಂಟ್ವಾಳದ ಕಡೆಯ ಒಬ್ಬ ಹುಡುಗಿಯ ಕಥೆಯನ್ನು ನೀವು ಬರೆಯುವಿರೆನ್ನಿ. ತಾಯಿ ಮಡಿಲಲ್ಲಿ ಮೊರವಿಟ್ಟು ಬೀಡಿ ಕಟ್ಟುವವಳು. ಹುಡುಗಿ ಮನೆಯವರನ್ನು ಧಿಕ್ಕರಿಸಿ ಓದಲು ಹೊರಟುಹೋಗಬೇಕೆಂಬುದು ನಿಮ್ಮ ಇಷ್ಟ. ಹತ್ತು ದಿನ ಆಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಏನು ಉಂಡಳು, ಯಾರಿಗೆ ಹೆದರುವಳು, ಬಸ್ಸಿನ ಹಣ ಎಲ್ಲಿಂದ ಬಂತು ಎಂದು ಕೇಳಿರಿ. ಹನ್ನೊಂದನೆಯ ದಿನ ಆಕೆ, "ನಾನು ಹೋದರೆ ಬೀಡಿಯನ್ನು ಬ್ರಾಂಚಿಗೆ ಕೊಂಡುಹೋಗುವವರಾರು?" ಎಂದು ನಿಮ್ಮನ್ನೇ ಕೇಳಬಹುದು. ನಿಮ್ಮ ಇಷ್ಟಕ್ಕೆ ವಿರುದ್ಧವಾದ ಆ ಮಾತು ಕೇಳಿಸಿತೆಂದರೆ ಕಥೆ ಪ್ರಾರಂಭವಾಯಿತು. ಮೊದಲ ದಿನವೇ ಬರೆದು ಮುಗಿಸಿದವಳಿಗೆ ಅದು ಸಿಕ್ಕುತ್ತಿರಲಿಲ್ಲ.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ನಡೆಯುವ ತಾಳಮದ್ದಳೆಯನ್ನು ಬೆಳ್ತಂಗಡಿಯ ಕಡೆಯ ಮಕ್ಕಳಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುವರು; ಅರ್ಥಧಾರಿಯ ಮಾತು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಕರ್ಣನ ಅರ್ಥ ಹೇಳುವವನು, ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿದಾಗ ಏನೆನ್ನುವನು? ಎದುರಾಳಿಯ ಪ್ರಶ್ನೆ ಯಾವುದೆಂದು ಮೊದಲೇ ಗೊತ್ತಿರುವುದಿಲ್ಲ. ತೋಟಕ್ಕೆ ನೀರು ಬಿಡುವಾಗಲೂ ಕರ್ಣನೊಡನೆ ಬಾಳಿದವನಿಗೆ ಆ ಹೊತ್ತಿನಲ್ಲಿ ಮಾತು ಒದಗುವುದು.

ಇದೆಲ್ಲವನ್ನೂ ನಾವು ವಿಶೇಷವಾಗಿ ಹೆಣ್ಣುಮಕ್ಕಳಿಗೆ ಹೇಳುವುದಕ್ಕೆ ಕಾರಣವುಂಟು. ಶಾಲೆ ಬಿಟ್ಟ ಮೇಲೆ ನಿಮ್ಮಲ್ಲಿ ಎಷ್ಟು ಮಂದಿಗೆ ಸ್ವಂತ ಮೇಜು, ಬಾಗಿಲಿರುವ ಕೋಣೆ, ಯಾರೂ ಕರೆಯದ ಒಂದು ತಾಸು ಸಿಕ್ಕುವುದೋ ತಿಳಿಯದು. ಲೇಖನಿ ಕೈಯಲ್ಲಿದ್ದ ಹೊತ್ತು ಮಾತ್ರವೇ ಬರವಣಿಗೆಯೆಂದು ಎಣಿಸುವವಳು, ಮದುವೆಯಾದ ಎರಡನೆಯ ವರ್ಷವೇ "ನಾನು ಬರೆಯುವವಳಲ್ಲ" ಎಂದು ತೀರ್ಮಾನಿಸಿಬಿಡುವಳು. ಎಮಿಲಿ ಬ್ರಾಂಟೆ ಅಡಿಗೆಮನೆಯಲ್ಲಿ ರೊಟ್ಟಿಯ ಹಿಟ್ಟು ನಾದುತ್ತ ಎದುರಿಗೆ ಜರ್ಮನ್ ಪುಸ್ತಕವನ್ನು ತೆರೆದಿಟ್ಟುಕೊಳ್ಳುತ್ತಿದ್ದಳು. ನಮ್ಮ ಗದ್ದೆಗಳಲ್ಲಿ ನೇಜಿ ನೆಡುತ್ತ ಪಾಡ್ದನ ಹಾಡಿದ ಹೆಂಗಸರು ಕಾಗದವನ್ನೇ ಮುಟ್ಟದೆ ದೇಯಿ ಬೈದೆತಿಯನ್ನೂ ಅವಳ ಮಕ್ಕಳಾದ ಕೋಟಿ ಚೆನ್ನಯರನ್ನೂ ತಲೆಮಾರುಗಳ ಕಾಲ ಸಾಕಿದರು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು 'ಕೋಟಿ ಚೆನ್ನಯ'ವನ್ನು ಕನ್ನಡ ಗದ್ಯದಲ್ಲಿ ಬರೆದಾಗ ಆ ವೀರರು ಜೀವಂತರಾಗಿಯೇ ಅವರ ಕೈಗೆ ಬಂದಿದ್ದರು.

ಆದರೆ ಕನಸಿಗೆ ಒಂದು ದಿನ ಕಾಗದದ ಮುಂದೆ ಲೆಕ್ಕ ಒಪ್ಪಿಸಲೇಬೇಕು. ಆದುದರಿಂದ ಒಂದು ಅಭ್ಯಾಸವನ್ನು ಕೊಡುತ್ತೇವೆ. ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಮಾರ್ಥಳು ಅತಿಥಿ ಸತ್ಕಾರದ ಕೆಲಸದಲ್ಲಿ ಬೇಸತ್ತು, ತಂಗಿಯು ತನಗೆ ನೆರವಾಗಲಿಲ್ಲವೆಂದು ದೂರುವಳು. ಕರ್ತನು ಅವಳಿಗೆ ಉತ್ತರ ಕೊಟ್ಟನು. ಅದನ್ನು ಕೇಳಿ ಮಾರ್ಥಳು ಏನೆಂದಳೋ, ಒಲೆಯ ಬಳಿಗೆ ಹಿಂತಿರುಗಿದಳೋ ಅಲ್ಲಿಯೇ ಕುಳಿತಳೋ, ಸುವಾರ್ತೆಯಲ್ಲಿ ಬರೆದಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಒಂದಕ್ಷರವನ್ನೂ ಬರೆಯದೆ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಅವಳನ್ನು ಜತೆಗಿರಿಸಿಕೊಳ್ಳಿರಿ. ಶನಿವಾರ ಒಂದು ಪುಟ ಬರೆದು ತನ್ನಿರಿ.