ಓಪನ್ ಫೈಲ್ ಕೊಡಿ ಸಾರ್

ಕೆಲಸ ಮುಗಿದು ಬಿಲ್ ಪಾವತಿಯಾದ ಮೇಲೆ ಗಿರಾಕಿ ತಪ್ಪದೆ ಕೇಳುತ್ತಾರೆ: ‘ಓಪನ್ ಫೈಲೂ ಕಳಿಸಿಬಿಡಿ ಸಾರ್.’ ಅಂದರೆ, ತಿದ್ದಲು ಬರುವ ಮೂಲ ಫೈಲ್. ನಮ್ಮ ಡಿಸೈನ್ ಕಸುಬಿನ ಅನೇಕರಿಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ನಾನು ‘ಯಾತಕ್ಕೆ ಬೇಕಿತ್ತು?’ ಎಂದು ಕೇಳುತ್ತೇನೆ. ಒಬ್ಬರಿಗೆ ಬರುವ ವರ್ಷದ ಜಾತ್ರೆಗೆ ತಾರೀಖು ಬದಲಿಸಬೇಕಿರುತ್ತದೆ, ಇನ್ನೊಬ್ಬರಿಗೆ ಫ್ಲೆಕ್ಸ್ ಅಂಗಡಿಯವರು ‘ಕೋರಲ್ ಫೈಲ್ ತನ್ನಿ’ ಅಂದಿರುತ್ತಾರೆ. ನನ್ನನ್ನು ಬಿಟ್ಟು ಅಗ್ಗದವರ ಹತ್ತಿರ ಹೋಗುವವರೂ ಇದ್ದಾರೆ. ಹೋಗಲಿ, ಫೈಲ್ ಬಚ್ಚಿಟ್ಟು ಯಾರನ್ನೂ ಕಟ್ಟಿಹಾಕಲು ಆಗುವುದಿಲ್ಲ.

ಲೋಗೊ ಆದರೆ ಕೇಳುವ ಮೊದಲೇ ಕೊಡುತ್ತೇನೆ. ಅಂಗಡಿಯ ಬೋರ್ಡಿನಿಂದ ವಿಸಿಟಿಂಗ್ ಕಾರ್ಡಿನ ತನಕ ಅದು ಅವರಿಗೆ ದಿನವೂ ಬೇಕಾದದ್ದು. ಫ್ಲೆಕ್ಸಿನವರು ಅದನ್ನು ಎಳೆದು ಸೊಟ್ಟ ಮಾಡುತ್ತಾರೆಂಬ ಭಯಕ್ಕೆ ಅರ್ಥವಿಲ್ಲ, ಜೆಪಿಜಿ ಕೊಟ್ಟರೂ ಮಾಡಿಯೇ ಮಾಡುತ್ತಾರೆ.

ಆದರೆ ಫೈಲ್ ಕೈಸೇರಿದರೆ ಹಕ್ಕೂ ಸೇರಿತೆಂದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ನೌಕರಿಯಲ್ಲಿದ್ದು ಮಾಡಿದ ಕೆಲಸ ಸಾಮಾನ್ಯವಾಗಿ ಮಾಲೀಕರದು. ನನ್ನಂಥ ಹೊರಗಿನವನು ಬರೆದ ಲೋಗೊದ ಹಕ್ಕು ದಾಟಬೇಕಾದರೆ ಸಹಿ ಹಾಕಿದ ಪತ್ರ ಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಎಣಿಸುತ್ತದೆ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಹಾಗಾಗಿ ಲೋಗೊದ ಜೊತೆ ಅವಧಿ, ಪ್ರದೇಶ ಎರಡನ್ನೂ ಬಿಡಿಸಿ ಬರೆದ ಒಂದು ಪುಟವನ್ನೂ ಕೊಡುತ್ತೇನೆ. ಅದನ್ನು ಕೇಳಿ ಪಡೆದ ಗಿರಾಕಿಯನ್ನು ನಾನಿನ್ನೂ ಕಂಡಿಲ್ಲ.

ಪುಸ್ತಕ, ಸ್ಮರಣ ಸಂಚಿಕೆಗಳ ಕಥೆ ಬೇರೆ. ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪುಟವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಯೂನಿಕೋಡಿನದಾದರೆ ಹಳೆಯ ಕೋರಲ್‌ನಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಲ್ಲುತ್ತದೆ. ಕಂಟ್ರೋಲ್-ಕ್ಯೂ ಒತ್ತಿ ಕರ್ವ್ ಮಾಡಿದರೆ ಅಕ್ಷರವೇನೋ ಭದ್ರ, ಆಮೇಲೆ ಒಂದು ದೀರ್ಘ ತಿದ್ದಲೂ ಬರದು. ದುಡ್ಡು ಕೊಟ್ಟು ತಂದ ಫಾಂಟಿನ ಲೈಸೆನ್ಸ್ ನನ್ನ ಹೆಸರಿನಲ್ಲಿರುವುದರಿಂದ ಅದನ್ನು ಕಟ್ಟಿ ಕಳಿಸುವಂತಿಲ್ಲ. ಹೆಸರು ಬರೆದು ಕೊಡಬಹುದು, ಅವರೇ ಕೊಳ್ಳಬೇಕು. ಬೇರೆಯವರಿಗೆ ಅರ್ಥವಾಗುವ ಹಾಗೆ ಲೇಯರುಗಳಿಗೆ ಹೆಸರಿಟ್ಟು, ಚಿತ್ರಗಳನ್ನು ಒಂದೆಡೆ ಕೂಡಿಸಿ ಒಪ್ಪಿಸುವುದೂ ಕೂಲಿಯ ಕೆಲಸವೇ.

ಅದಕ್ಕೇ ಕೊಟೇಶನ್ನಿನಲ್ಲಿ ‘ಓಪನ್ ಫೈಲ್’ ಎಂದು ಪ್ರತ್ಯೇಕ ಸಾಲು ಹಾಕಿ ಎದುರಿಗೆ ದರ ಬರೆಯುತ್ತೇನೆ. ಬೇಕಾದವರು ಚೌಕಾಸಿ ಮಾಡಿಯಾದರೂ ಕೊಳ್ಳುತ್ತಾರೆ; ಉಳಿದವರು ಪಿಡಿಎಫ್ ಸಾಕು ಅನ್ನುತ್ತಾರೆ.