ಡಿಸ್ಕಿನ ಮೇಲೆ ಹೆಸರು

ಅಕ್ಕಂದಿರೇ, ನಿಮ್ಮ ಮನೆಯ ಟ್ರಂಕಿನಲ್ಲಿ ಮದುವೆಯ ಡಿಸ್ಕ್ ಇದೆಯೇ? ತೆಗೆದು ನೋಡಿ. ದುಂಡಗಿದೆ. ನಡುವೆ ತೂತು ಇದೆ. ಒಂದು ಬದಿ ಕನ್ನಡಿಯ ಹಾಗೆ ಹೊಳೆಯುತ್ತದೆ. ಇನ್ನೊಂದು ಬದಿಯಲ್ಲಿ ಹೆಸರು ಇರುತ್ತದೆ. ಆ ಹೆಸರಿನ ಬದಿಯ ಕೆಲಸವನ್ನು ಇಲ್ಲಿ ತಿಳಿಯೋಣ.

ಸೀಡಿ 1982ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂತು. ಆಮೇಲೆ ನಮ್ಮ ಕಡೆಗೂ ಬಂತು. ಮದುವೆ, ಕುಬಸ, ಭಜನೆ, ಪಾರಿಜಾತದ ಆಟ ಎಲ್ಲ ಅದರೊಳಗೆ ಹೋದವು. ಈಗ ಫೋನು, ಪೆನ್ ಡ್ರೈವ್ ಬಂದಿವೆ. ಡಿಸ್ಕಿನ ಕೆಲಸ ಕಡಿಮೆ ಆಗಿದೆ. ಹೀಗಾಗಿ ಇದಕ್ಕಾಗಿಯೇ ಸಾಲ ಮಾಡಿ ಪ್ರಿಂಟರ್ ಕೊಳ್ಳಬೇಡಿ. ಮನೆಯಲ್ಲಿ ಸ್ಟುಡಿಯೋ ಇದ್ದರೆ, ಕಂಪ್ಯೂಟರ್ ಇದ್ದರೆ, ಇದು ಜೊತೆಗೆ ಮಾಡುವ ಕೆಲಸ.

ಕೆಲವರು ಬಾಲ್ ಪೆನ್ನಿನಿಂದ ಒತ್ತಿ ಹೆಸರು ಬರೆಯುತ್ತಾರೆ. ಇದು ತಪ್ಪು. ಸೀಡಿಯಲ್ಲಿ ಹಾಡು, ಚಿತ್ರ ಇರುವುದು ಹೆಸರಿನ ಬದಿಯ ತೆಳು ಪದರದ ಕೆಳಗೇ. ಅಲ್ಲಿ ಗೀರು ಬಿದ್ದರೆ ಹಾಡು ಹೋಯಿತು. ಬರೆಯಲೇಬೇಕಾದರೆ ಡಿಸ್ಕಿಗೆಂದೇ ಮಾರುವ ಮೆತ್ತನೆ ತುದಿಯ ಪೆನ್ನು ಬಳಸಿ.

ಇನ್ನು ಅಂಟಿಸುವ ಚೀಟಿ. ನೋಡಲು ಚೆಂದ. ಆದರೆ ಡಿಸ್ಕ್ ಬಹಳ ಜೋರಾಗಿ ತಿರುಗುತ್ತದೆ. ಚೀಟಿ ಒಂದು ಕಡೆ ಸರಿದಿದ್ದರೆ ಡಿಸ್ಕ್ ಅದುರುತ್ತದೆ. ಬಿಸಿಗೆ ಅಂಟು ಬಿಡುತ್ತದೆ. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ! ಎದ್ದ ಚೀಟಿಯನ್ನು ಕಿತ್ತರೆ ಕೆಳಗಿನ ಪದರವೂ ಕಿತ್ತು ಬರಬಹುದು. ಮಗಳ ಮದುವೆ ಮತ್ತೆ ಸಿಗುವುದಿಲ್ಲ.

ಅದಕ್ಕೇ ಬಿಳಿ ಮೈಯ ಡಿಸ್ಕ್ ಒಳ್ಳೆಯದು. ಕೆಲವು ಶಾಯಿ ಪ್ರಿಂಟರುಗಳಿಗೆ ಡಿಸ್ಕ್ ಇಡುವ ತಟ್ಟೆ ಇರುತ್ತದೆ. ಅದರಲ್ಲಿ ಇಟ್ಟರೆ ಹೆಸರು ನೇರವಾಗಿ ಡಿಸ್ಕಿನ ಮೇಲೆ ಮೂಡುತ್ತದೆ. ಮೊದಲು ಡಿಸ್ಕ್ ತುಂಬಿಸಿ, ಹಾಕಿ ನೋಡಿ. ಆಮೇಲೆ ಮುದ್ರಿಸಿ. ಕೆಟ್ಟ ಡಿಸ್ಕಿನ ಮೇಲೆ ಶಾಯಿ ಸುರಿದರೆ ಏನು ಬಂತು? ಮುದ್ರಿಸಿದ ಮೇಲೆ ಚೆನ್ನಾಗಿ ಒಣಗಬೇಕು. ಒದ್ದೆ ಕೈ ತಾಗಿಸಬೇಡಿ.

ಈಗ ಲೆಕ್ಕ. ಪೇಟೆಯ ಬೆಲೆ ನೀವೇ ಕೇಳಿ. ಕಲಿಯುವುದಕ್ಕೆ ಹೀಗೆ ಹಿಡಿಯೋಣ. ಗಿರಾಕಿಗೆ 10 ಡಿಸ್ಕ್ ಬೇಕು. ಒಂದು ಕೆಡಬಹುದು. 11 ತನ್ನಿ. ಒಂದಕ್ಕೆ 20 ರೂಪಾಯಿ ಆದರೆ 220 ರೂಪಾಯಿ. ಶಾಯಿಗೆ 30. ಒಟ್ಟು 250. ಡಿಸ್ಕಿಗೆ 35ರಂತೆ ಕೊಟ್ಟರೆ 350 ಬಂತು. ನಿಮ್ಮ ದುಡಿಮೆಗೆ 100 ಉಳಿಯಿತು. ಕೆಟ್ಟ ಡಿಸ್ಕನ್ನು ಲೆಕ್ಕಕ್ಕೆ ಹಿಡಿಯದವರಿಗೆ ಗಂಟು ಕರಗುತ್ತದೆ. ನೂರಾರು ಡಿಸ್ಕ್ ಇದ್ದರೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರಲ್ಲಿ ಕೇಳಿ. ಪರದೆ ಮಾಡುವ ಖರ್ಚು 10 ಡಿಸ್ಕಿಗೂ ಅಷ್ಟೇ, 500ಕ್ಕೂ ಅಷ್ಟೇ.

ಮುದ್ರಿಸುವ ಮೊದಲು ಕಾಗದದ ಮೇಲೆ ಒಂದು ಪ್ರತಿ ತೆಗೆಯಿರಿ. ಗಿರಾಕಿಗೆ ತೋರಿಸಿ. ಒಬ್ಬ ತಾಯಿ ಬಂದಿದ್ದಾಳೆ ಎಂದುಕೊಳ್ಳಿ.

"ತಂಗಿ, ಇಲ್ಲಿ ಮಲವ ಅಂತ ಐತಲ್ಲ? ನನ್ನ ಮಗಳ ಹೆಸರು ಮಲ್ಲವ್ವ."

"ಹೌದ್ರೀ ಯಕ್ಕಾ, ಒತ್ತು ಬಿಟ್ಟೈತಿ. ಇನ್ನೊಂದು ಕಂಪ್ಯೂಟರಿಗೆ ಹಾಕಿದಾಗ ಅಕ್ಷರ ಕೆಟ್ಟಾವ್ರಿ."

"ನಾ ಓದಲಿಲ್ಲಂದ್ರ ಹತ್ತೂ ಡಿಸ್ಕಿನ ಮ್ಯಾಲ ಹಿಂಗ ಬರತಿತ್ತು ನೋಡವಾ."

ಒಂದು ಕಂಪ್ಯೂಟರಿನ ಕನ್ನಡ ಅಕ್ಷರ ಇನ್ನೊಂದರಲ್ಲಿ ಇಲ್ಲದಿದ್ದರೆ ಹೀಗೆ ಆಗುತ್ತದೆ. ಬರಹವನ್ನು ಚಿತ್ರ ಮಾಡಿ ಕಳಿಸಿದರೆ ಕೆಡುವುದಿಲ್ಲ. ಕುಡಚಿಯಿಂದ ಮಿರಜಕ್ಕೆ ರೈಲು ಇದೆ, ಬೀಗತನವೂ ಆ ಕಡೆ ಇರುತ್ತದೆ. ಬೀಗರು ಮರಾಠಿ ಓದುವವರಾದರೆ ಹೆಸರನ್ನು ಎರಡೂ ಭಾಷೆಯಲ್ಲಿ ಹಾಕಿ. ಮರಾಠಿ ಹೆಸರನ್ನು ಅವರಿಂದಲೇ ಬರೆಸಿಕೊಳ್ಳಿ.

ಅಭ್ಯಾಸ

ಹಳೆಯ ಡಿಸ್ಕನ್ನು ಕಾಗದದ ಮೇಲೆ ಇಟ್ಟು ಸುತ್ತ ಗೆರೆ ಎಳೆಯಿರಿ. ಅಗಲ 12 ಸೆಂಟಿಮೀಟರ್ ಬರುತ್ತದೆ. ನಡುವಿನ ತೂತು ಒಂದೂವರೆ ಸೆಂಟಿಮೀಟರ್. ಅಲ್ಲಿ ಅಕ್ಷರ ಬರಬಾರದು. ಅಂಚಿಗೂ ತಾಗಬಾರದು. ಮೇಲೆ ಹೆಸರು, ಕೆಳಗೆ ಊರು ಮತ್ತು ತಾರೀಖು ಬರೆಯಿರಿ.

ಈ ಹೆಸರುಗಳನ್ನು ಓದಿ. ಒತ್ತಕ್ಷರದ ಕೆಳಗೆ ಗೆರೆ ಹಾಕಿ: ಮಲ್ಲವ್ವ, ಸಿದ್ದಪ್ಪ, ಲಕ್ಷ್ಮೀ, ಚಿಕ್ಕೋಡಿ.