ಆರು ಚಾನೆಲ್ ಆರಾಗಿಯೇ ತಲುಪಬೇಕಾದರೆ



ಸೌಂಡ್‌ಬಾರ್ ಪೆಟ್ಟಿಗೆಯ ಮೇಲೆ ‘5.1’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಮುಂದೆ ಎಡ, ಮುಂದೆ ಬಲ, ನಡುವೆ ಒಂದು, ಹಿಂದೆ ಎಡ, ಹಿಂದೆ ಬಲ – ಇವು ಐದು. ಬರೀ ಗುಂಯ್‌ಗುಡುವ ತಗ್ಗಿನ ಸದ್ದಿಗಾಗಿ ಇರುವ ಸಬ್‌ವೂಫರ್ ಆ ‘.1’. ಹೀಗೆ ಒಟ್ಟು ಆರು ಚಾನೆಲ್. ಇಂಥ ಧ್ವನಿಮುದ್ರಣಕ್ಕೆ ಮಲ್ಟಿಚಾನೆಲ್ ಎನ್ನುತ್ತಾರೆ. ಅದು ಮನೆಯ ಸರ್ವರ್‌ನಿಂದ ಹೊರಟು ಸೌಂಡ್‌ಬಾರ್ ಮುಟ್ಟುವಷ್ಟರಲ್ಲಿ ಆರು ಹೋಗಿ ಎರಡಾಗಿರುವುದು ಅನೇಕ ಮನೆಗಳಲ್ಲಿ ನಡೆಯುವ ಮಾತು. ಎಲ್ಲಿ ಎರಡಾಗುತ್ತದೆ, ಹಣ ಖರ್ಚು ಮಾಡುವ ಮೊದಲು ಅದನ್ನು ಕಂಡುಹಿಡಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ನಿಪ್ಪಾಣಿಯ ನಮ್ಮ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರೇ ಸರ್ವರ್. ಗಲ್ಫ್‌ನಲ್ಲಿ ದುಡಿದು ಬಂದ ಚಾಚಾ ಅಲ್ಲಿ ಕೊಂಡಿದ್ದ ಸಂಗೀತದ ಡಿಸ್ಕ್‌ಗಳನ್ನೆಲ್ಲ ಅದರಲ್ಲಿ ತುಂಬಿಸಿದ್ದಾರೆ. ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶ ಅವನ್ನು ರೂಟರ್ ಮೂಲಕ ಟಿವಿಗೆ ಕಳಿಸುತ್ತದೆ. ಟಿವಿಯಿಂದ ಎಚ್‌ಡಿಎಂಐ ಕೇಬಲ್ ಸೌಂಡ್‌ಬಾರಿಗೆ. ಆದರೆ ಹಿಂದಿನ ಸ್ಪೀಕರ್‌ಗಳು ಮಾತ್ರ ಮೌನ. ಒಂದು ಅಂಗಡಿಯಲ್ಲಿ ವಿಚಾರಿಸಿದಾಗ, “ಹೊಸಾ ಟಿವಿ ತಗೋಬೇಕಾಗ್ತದ ನೋಡ್ರಿ” ಎಂದರು. ಕೈಯಲ್ಲಿದ್ದದ್ದು ಆಪಾಳ ಬಿ.ಕಾಂ. ಫೀಸಿಗೆಂದು ತೆಗೆದಿಟ್ಟ ಹಣ. “ಫೀಸ್ ಮುಂದಿನ ತಿಂಗಳು ಹೊಂದಿಸೋಣ” ಎಂದರು ಚಾಚಾ. ನಾನು ಒಂದು ವಾರ ಸಮಯ ಕೇಳಿದೆ.

ಮೊದಲು ಲೆಕ್ಕ ಮಾಡಿದೆ. ಸಿಡಿಯ ಧ್ವನಿ ಎಂದರೆ 2 ಚಾನೆಲ್ × 16 ಬಿಟ್ × ಸೆಕೆಂಡಿಗೆ 44,100 ಮಾದರಿ = 14,11,200 ಬಿಟ್. ಆರು ಚಾನೆಲ್ಲಿನದು 6 × 24 × 48,000 = 69,12,000 ಬಿಟ್, ಅಂದರೆ ಸೆಕೆಂಡಿಗೆ ಸುಮಾರು 6.9 ಮೆಗಾಬಿಟ್. ಸಾಧಾರಣ ಲ್ಯಾನ್ ಕೇಬಲ್ಲಿನ ವೇಗವೇ 100 ಮೆಗಾಬಿಟ್. ಅದರ ನೂರರಲ್ಲಿ ಏಳು ಪಾಲೂ ಬೇಡ. ಹಾಗಾದರೆ ತಪ್ಪು ನೆಟ್‌ವರ್ಕಿನದಲ್ಲ.

ಎರಡನೆಯದು ಪರೀಕ್ಷೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತಮ್ಮನ ದನಿಯಲ್ಲಿ ‘ಮುಂದೆ ಎಡ’, ‘ಮುಂದೆ ಬಲ’, ‘ನಡುವೆ’, ‘ಹಿಂದೆ ಎಡ’, ‘ಹಿಂದೆ ಬಲ’ ಎಂದು ಬೇರೆ ಬೇರೆ ಚಾನೆಲ್‌ಗಳಲ್ಲಿ ಹೇಳಿಸಿದೆ. ಸಬ್‌ವೂಫರಿನ ಚಾನೆಲ್ಲಿಗೆ ಮಾತು ಹೊಂದುವುದಿಲ್ಲ, ಅದಕ್ಕೆ 50 ಹರ್ಟ್ಜ್‌ನ ಸದ್ದು ಹಾಕಿದೆ. ಇದನ್ನು ಫ್ಲ್ಯಾಕ್ ಫೈಲಾಗಿ ಉಳಿಸಿ ನುಡಿಸಿದಾಗ ‘ಹಿಂದೆ ಎಡ’ ಎಂಬ ಮಾತು ಮುಂದಿನ ಎಡಭಾಗದಿಂದಲೇ ಕೇಳಿಬಂತು. ಅಂದರೆ ಆರನ್ನೂ ಕೂಡಿಸಿ ಎರಡು ಮಾಡಲಾಗಿತ್ತು. ಆಮೇಲೆ ಅದೇ ಸರ್ವರ್, ಅದೇ ಕೇಬಲ್‌ನಲ್ಲಿ ಡಿವಿಡಿಯಿಂದ ತೆಗೆದ ಒಂದು ಕಾರ್ಯಕ್ರಮ ಹಚ್ಚಿದೆ. ಹಿಂದಿನ ಸ್ಪೀಕರ್‌ಗಳು ಮಾತಾಡಿದವು! ಸೌಂಡ್‌ಬಾರ್ ಕೆಟ್ಟಿಲ್ಲ, ಕೇಬಲ್ ಕೆಟ್ಟಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ವ್ಯತ್ಯಾಸ ಎಲ್ಲಿದೆ? ಧ್ವನಿ ಯಾವ ಭಾಷೆಯಲ್ಲಿ ಸಾಗುತ್ತದೆ ಎಂಬುದರಲ್ಲಿ. ನಮ್ಮ ಗಡಿ ತಾಲೂಕುಗಳಲ್ಲಿ ಮನೆಯಲ್ಲಿ ಉರ್ದು, ಬಾಜಾರಿನಲ್ಲಿ ಮರಾಠಿ, ತರಗತಿಯಲ್ಲಿ ಕನ್ನಡ ನಡೆಯುವುದು ನಿಮಗೆ ಗೊತ್ತೇ ಇದೆ. ಹಾಗೆಯೇ ಇಲ್ಲಿಯೂ. ಡಿವಿಡಿಯ ಧ್ವನಿ ಡಾಲ್ಬಿ ಡಿಜಿಟಲ್ ರೂಪದಲ್ಲಿ ಮಡಚಿಟ್ಟ ಪತ್ರದಂತೆ. ಟಿವಿ ಅದನ್ನು ಒಡೆಯದೆ ಸೌಂಡ್‌ಬಾರಿಗೆ ದಾಟಿಸುತ್ತದೆ. ಇದಕ್ಕೆ ಪಾಸ್‌ತ್ರೂ ಎನ್ನುತ್ತಾರೆ. ಫ್ಲ್ಯಾಕ್ ಪತ್ರವನ್ನಾದರೋ ಟಿವಿಯೇ ಒಡೆದು ಓದಿ, ಪಿಸಿಎಂ ಎಂಬ ಬಿಡಿ ರೂಪದಲ್ಲಿ ಮುಂದಕ್ಕೆ ಹೇಳುತ್ತದೆ. ನಮ್ಮ ಟಿವಿಯಲ್ಲಿರುವುದು ಎಆರ್‌ಸಿ ಕಿಂಡಿ. 2009ರ ಎಚ್‌ಡಿಎಂಐ 1.4ರ ಜೊತೆ ಬಂದ ಈ ವ್ಯವಸ್ಥೆಯಲ್ಲಿ ಪಿಸಿಎಂ ಆದರೆ ಎರಡೇ ಚಾನೆಲ್, ಡಾಲ್ಬಿ ಡಿಜಿಟಲ್ ಆದರೆ ಆರೂ ದಾಟುತ್ತವೆ. ಆಪ್ಟಿಕಲ್ ಕೇಬಲ್ಲಿಗೂ ಇದೇ ಮಿತಿ. ಸಾಮಾನ್ಯ ಬ್ಲೂಟೂತ್‌ನಲ್ಲಂತೂ ಎರಡೇ ಚಾನೆಲ್. 2017ರ ಎಚ್‌ಡಿಎಂಐ 2.1ರಲ್ಲಿ ಬಂದ ಇ-ಎಆರ್‌ಸಿ ಮಾತ್ರ ಎಂಟು ಚಾನೆಲ್ ಪಿಸಿಎಂ ಒಯ್ಯಬಲ್ಲದು. ಆದರೆ ಅದು ಟಿವಿ, ಸೌಂಡ್‌ಬಾರ್ ಎರಡರಲ್ಲೂ ಇರಬೇಕು.

ಪರಿಹಾರಗಳು ಮೂರು.

1. ಫೈಲಿನ ರೂಪ ಬದಲಿಸುವುದು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಿಂದ ಫ್ಲ್ಯಾಕ್‌ನ ಒಂದು ಪ್ರತಿಯನ್ನು ಸೆಕೆಂಡಿಗೆ 640 ಕಿಲೋಬಿಟ್‌ನ ಡಾಲ್ಬಿ ಡಿಜಿಟಲ್‌ಗೆ ಪರಿವರ್ತಿಸಿ, ಆಲ್ಬಮ್ಮಿನ ಮುಖಚಿತ್ರ ಸೇರಿಸಿ ವಿಡಿಯೊ ಫೈಲಾಗಿ ಉಳಿಸಬೇಕು. ಟಿವಿಯ ಧ್ವನಿ ಸೆಟ್ಟಿಂಗ್ ‘ಪಿಸಿಎಂ’ನಿಂದ ‘ಪಾಸ್‌ತ್ರೂ’ ಅಥವಾ ‘ಆಟೊ’ಗೆ ಬರಬೇಕು. ಡಿವಿಡಿಯಲ್ಲಿ ಡಾಲ್ಬಿ ಡಿಜಿಟಲ್ಲಿನ ಗರಿಷ್ಠ ಮಿತಿ 448 ಕಿಲೋಬಿಟ್, ಇದು ಅದಕ್ಕಿಂತ ಹೆಚ್ಚು. ಸ್ವಲ್ಪ ಸೂಕ್ಷ್ಮತೆ ನಷ್ಟವಾಗುತ್ತದೆ, ಆರು ಚಾನೆಲ್ ಉಳಿಯುತ್ತವೆ. ಮೂಲ ಪ್ರತಿಯನ್ನು ಅಳಿಸಬಾರದು.

2. ಸೌಂಡ್‌ಬಾರಿನಲ್ಲಿ ಎಚ್‌ಡಿಎಂಐ ‘ಇನ್’ ಇದ್ದರೆ ಒಂದು ಮೀಡಿಯಾ ಬಾಕ್ಸನ್ನು ನೇರವಾಗಿ ಅದಕ್ಕೇ ಜೋಡಿಸುವುದು. ಆಗ ಧ್ವನಿ ಟಿವಿಯನ್ನು ಹಾಯಬೇಕಿಲ್ಲ. ಆದರೆ ಸೌಂಡ್‌ಬಾರ್ ಮಲ್ಟಿಚಾನೆಲ್ ಪಿಸಿಎಂ ಸ್ವೀಕರಿಸುತ್ತದೆಯೇ ಎಂದು ಅದರ ಕೈಪಿಡಿಯಲ್ಲಿ ಮೊದಲೇ ನೋಡಬೇಕು.

3. ಇ-ಎಆರ್‌ಸಿ ಇರುವ ಟಿವಿ ಕೊಳ್ಳುವುದು. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಅತಿ ದುಬಾರಿ ದಾರಿ ಅದು. ಹೊಸ ಟಿವಿಯ ಆಪ್ ಸಹ ಫ್ಲ್ಯಾಕನ್ನು ಎರಡೇ ಚಾನೆಲ್ ಮಾಡಿದರೆ ಹಣವೂ ಹೋಯಿತು, ಸದ್ದೂ ಇಲ್ಲ.

ನಮ್ಮ ಮನೆಗೆ ಮೊದಲನೆಯದೇ ಸಾಕಾಯಿತು. ಆಪಾಳ ಫೀಸು ಕೊನೆಯ ದಿನಾಂಕಕ್ಕೆ ಮೊದಲೇ ಕಟ್ಟಿದೆವು.

ಇನ್ನೊಂದು ಮಾತು. ಚಾಚಾರಿಗೆ ಉಸ್ತಾದ್ ಅಬ್ದುಲ್ ಕರೀಂ ಖಾನ್ ಎಂದರೆ ಪ್ರಾಣ. ಕಾಗವಾಡದ ಪಕ್ಕದ ಮಿರಜಿನಲ್ಲಿ ನೆಲೆಸಿದ್ದ ಅವರು ತೀರಿಕೊಂಡದ್ದು 1937ರಲ್ಲಿ. ಅವರ ರೆಕಾರ್ಡುಗಳೆಲ್ಲ ಮೊನೊ, ಒಂದೇ ಚಾನೆಲ್. ಸೌಂಡ್‌ಬಾರಿನ ‘ಸರೌಂಡ್’ ಗುಂಡಿ ಒತ್ತಿದರೆ ಅದೇ ಒಂದು ದನಿ ಕೋಣೆಯಲ್ಲೆಲ್ಲ ಹರಡುತ್ತದೆ, ಆರಾಗುವುದಿಲ್ಲ. ಜಮೆಯೇ ಆಗದ ಹಣವನ್ನು ಖಾತೆಯಿಂದ ತೆಗೆಯಲು ಬರುವುದಿಲ್ಲವಲ್ಲ! ಅವರ ಹಾಡನ್ನು ಚಾಚಾ ಈಗ ಆ ಗುಂಡಿ ಒತ್ತದೆಯೇ ಕೇಳುತ್ತಾರೆ.

ಆದ್ದರಿಂದ ಮಿತ್ರರೇ, ಏನನ್ನಾದರೂ ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಫೈಲಿನಲ್ಲಿ ನಿಜವಾಗಿ ಎಷ್ಟು ಚಾನೆಲ್ ಇವೆ? ಅದನ್ನು ಒಡೆದು ಓದುವವರು ಯಾರು? ನಡುವಿನ ಕೇಬಲ್ ಎಷ್ಟನ್ನು ಒಯ್ಯುತ್ತದೆ? ಸೌಂಡ್‌ಬಾರ್ ಯಾವ ರೂಪವನ್ನು ಸ್ವೀಕರಿಸುತ್ತದೆ? ನಾಲ್ಕರಲ್ಲಿ ಅತಿ ಕಡಿಮೆ ಬಂದ ಉತ್ತರವೇ ನಿಮ್ಮ ಕಿವಿಗೆ ಬೀಳುವುದು. ತಮ್ಮನ ದನಿಯ ಪರೀಕ್ಷೆಯ ಫೈಲು ನನ್ನ ಪೆನ್‌ಡ್ರೈವ್‌ನಲ್ಲಿದೆ. ಬೇಕಾದವರು ಊಟದ ಬಿಡುವಿನಲ್ಲಿ ಬಂದು ನಕಲು ಮಾಡಿಕೊಳ್ಳಬಹುದು.